ಮೇಷ್ಟ್ರ ಮನೆಯ ಅಮ್ಮನಿಗೊಂದು ಹೆಸರಿತ್ತು



ನನ್ನ ವಯಸ್ಸು 46. ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸ. ಗಂಡ ಮತ್ತು ಪಿಯುಸಿ ಓದುತ್ತಿರುವ ಮಗಳಿದ್ದಾರೆ. ನನ್ನ ತವರು ಶರಾವತಿ ಹಿನ್ನೀರಿನ ಆಚೆ ದಡ, ತುಮರಿ ಕಡೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಮುಂದೆ ಓದಬೇಕೆಂದು ಸಾಗರದ ಕಾಲೇಜಿಗೆ ಸೇರಿದೆ. ಸಂಜೆ ಕೊನೆಯ ಲಾಂಚ್ ತಪ್ಪಿದರೆ ಆ ದಿನ ಮನೆ ಸೇರುವಂತಿರಲಿಲ್ಲ. 1995ರ ಜೂನ್‌ನಲ್ಲಿ ಹಾಸ್ಟೆಲ್ ಸಿಗದೆ, ಅಪ್ಪ ನನ್ನನ್ನು ವಾಪಸ್ ಕರೆದುಕೊಂಡು ಹೋಗಲು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರು. ಮುಖಪರಿಚಯವಷ್ಟೇ ಇದ್ದ ಹೈಸ್ಕೂಲಿನ ಗಣಿತದ ಮೇಷ್ಟ್ರೊಬ್ಬರು ಏನು ಎತ್ತ ಎಂದು ವಿಚಾರಿಸಿ, "ಹಾಸ್ಟೆಲ್ ಆಗೋವರೆಗೆ ನಮ್ಮನೇಲಿರಲಿ ಬಿಡಿ" ಎಂದರು. ಹಾಸ್ಟೆಲ್ ಆಗಲೇ ಇಲ್ಲ. ಎರಡು ವರ್ಷ ಅವರ ಮನೆಯಲ್ಲೇ ಇದ್ದೆ. ನಮ್ಮ ಜಾತಿ ಬೇರೆ. ಒಂದು ಪೈಸೆಯನ್ನೂ ಅವರು ಮುಟ್ಟಲಿಲ್ಲ. ನನ್ನ ಹಾಗೆ ಆ ಮನೆಯಲ್ಲಿ ಉಂಡು ಓದಿದವರು ನಲವತ್ತಕ್ಕೂ ಹೆಚ್ಚು ಜನ. ಮೇಷ್ಟ್ರ ದಂಪತಿಗೆ ಸ್ವಂತ ಮಕ್ಕಳಿರಲಿಲ್ಲ.

ಮೇಷ್ಟ್ರದು ಭಾರೀ ಶಿಸ್ತು. ಬೆಳಗ್ಗೆ ನಾಲ್ಕೂವರೆಗೆ ಎಬ್ಬಿಸಿ ಲೆಕ್ಕ ಹಾಕಿಸುತ್ತಿದ್ದರು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನನಗೆ ಗಣಿತದಲ್ಲಿ ಕಡಿಮೆ ಅಂಕ ಬಂದಾಗ ಪುಸ್ತಕವನ್ನು ಅಂಗಳಕ್ಕೆ ಎಸೆದು ಒಂದು ವಾರ ಮಾತಾಡಿಸಲಿಲ್ಲ. ಅದೇ ಮೇಷ್ಟ್ರು ನಾನು ಡಿಗ್ರಿಗೆ ಸೇರುವಾಗ ಪಿ.ಎಫ್. ಸಾಲ ತೆಗೆದು ಫೀಸು ಕಟ್ಟಿದರು. ಅಮ್ಮ, ಅಂದರೆ ಮೇಷ್ಟ್ರ ಹೆಂಡತಿ, ತುಂಬಾ ಒಳ್ಳೆಯವರು, ಯಾವಾಗಲೂ ಅಡುಗೆಮನೆಯಲ್ಲೇ ಇರುತ್ತಿದ್ದರು. ನಾನು ಸೇರಿದ ಮೇಲೆ ಹೊಸನಗರದಲ್ಲಿದ್ದ ಅವರ ಅಕ್ಕ ಎರಡು ವರ್ಷ ಆ ಮನೆಗೆ ಕಾಲಿಡಲಿಲ್ಲವಂತೆ. ಆ ಅಕ್ಕ ಈಗಲೂ ಇದ್ದಾರೆ.

ಕಳೆದ ಏಪ್ರಿಲ್‌ನಲ್ಲಿ ಮೇಷ್ಟ್ರು ಹೋದರು. ಜುಲೈನಲ್ಲಿ ಹಿನ್ನೀರಿಗೆ ಕಟ್ಟಿದ ನಮ್ಮ ಸೇತುವೆ ಉದ್ಘಾಟನೆಯಾದಾಗ ಅಮ್ಮ ಫೋನ್ ಮಾಡಿ, "ಇನ್ನು ಲಾಂಚ್ ಕಾಯೋದು ತಪ್ತಲ್ಲೇ ಮಾರಾಯ್ತಿ" ಎಂದು ಖುಷಿಪಟ್ಟರು. ಮಗಳ ಓದು ವಿಚಾರಿಸಿದರು. ದೀಪಾವಳಿಗೆ ಬರ್ತೀನಿ ಎಂದೆ. ದೀಪಾವಳಿಗೆ ಎರಡು ವಾರ ಇದೆ ಎನ್ನುವಾಗ ಅಮ್ಮನೂ ಹೋದರು. ಸುದ್ದಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂತು. ನಾನು ಕೌಂಟರಿನಲ್ಲಿದ್ದೆ. ರಜೆ ಕೇಳಿದರೆ "ನಿಮಗೆ ಏನಾಗಬೇಕು?" ಎಂದರು. ಏನೂ ಆಗಬೇಕಾಗಿಲ್ಲ. ಸೂತಕವಿಲ್ಲ, ಹದಿಮೂರನೇ ದಿನದ ಕರೆಯೂ ಇಲ್ಲ. ಮೇಷ್ಟ್ರ ಅಣ್ಣನ ಮಕ್ಕಳು ಎಲ್ಲ ಮುಗಿಸಿದರು. ಇಂದಿಗೂ ರಾತ್ರಿ ಅಳು ಬರುತ್ತದೆ. "ನಿಮ್ಮ ಅಪ್ಪ ಹೋದಾಗಲೂ ನೀನು ಇಷ್ಟು ಅತ್ತಿರಲಿಲ್ಲ" ಎನ್ನುತ್ತಾರೆ ನನ್ನ ಗಂಡ. ದೀಪಾವಳಿಗೆ ಕಾಯದೆ ಹೋಗಿದ್ದರೆ ಎಂದು ಮನಸ್ಸು ಕೊರೆಯುತ್ತದೆ.

ಮೇಷ್ಟ್ರ ವರ್ಷಾಬ್ದಿಕಕ್ಕೆ ಹಳೆಯ ವಿದ್ಯಾರ್ಥಿಗಳು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಆರು ಲಕ್ಷ ಸೇರಿದೆ. ಕೆಲವರಿಗೆ ಶಾಲೆಯ ಮುಂದೆ ಮೇಷ್ಟ್ರ ಪುತ್ಥಳಿ ಬೇಕು, ಕೆಲವರಿಗೆ ದತ್ತಿನಿಧಿ. ಜಗಳ ನಡೆದಿದೆ. ಮುಖ್ಯ ಲೇಖನ ನಾನು ಬರೆಯಬೇಕಂತೆ. ಮೂರು ಸಲ ಬರೆದೆ, ಸನ್ಮಾನ ಪತ್ರದ ಹಾಗೆ ಇದೆ. ಅವರ ಸಿಟ್ಟಿನ ಬಗ್ಗೆ ಬರೆಯಬಹುದೇ? ಮನೆ ಮಾರಾಟಕ್ಕಿದೆ, ಅದೂ ಸಂಕಟ. ಮನೆ ಖಾಲಿ ಮಾಡುವಾಗ ಅಣ್ಣನ ಮಗ ಒಂದು ಕಟ್ಟು ಹಳೇ ಕ್ಯಾಲೆಂಡರ್ ನನಗೆ ಕೊಟ್ಟರು. ಅಮ್ಮ ಹಾಲಿನ ಲೆಕ್ಕ ಬರೆದಿಟ್ಟಿದ್ದು, ಅಂಥದ್ದೇನಿಲ್ಲ. ಒಂದು ಹಾಳೆಯ ಫೋಟೊ ಸುಮ್ಮನೆ ಕಳಿಸಿದ್ದೇನೆ.

ಹೆಸರು ಬೇಡ, ದಾವಣಗೆರೆ

ಪ್ರಿಯ ಸೋದರಿ,

ನಿಮ್ಮ ಪತ್ರ ಏಳು ಪುಟದ್ದು. ಜಾಗ ಸಾಲದೆ ಅರ್ಧದಷ್ಟನ್ನು ಇಲ್ಲಿ ಕೊಟ್ಟಿದ್ದೇನೆ, ಹೆಸರುಗಳನ್ನು ತೆಗೆದಿದ್ದೇನೆ.

ಮೊದಲು ನಿಮ್ಮ ಯಜಮಾನರ ಮಾತು. ತಂದೆಗಾಗಿ ಅತ್ತಿದ್ದಕ್ಕಿಂತ ಇವರಿಗಾಗಿ ಹೆಚ್ಚು ಅತ್ತರೆ ತಂದೆಯ ಮೇಲೆ ಪ್ರೀತಿ ಕಡಿಮೆಯಿತ್ತು ಎಂದಲ್ಲ. ತಂದೆ ಹೋದಾಗ ನಿಮಗೆ ಒಂದು ಮನೆ ತುಂಬ ಜನರಿದ್ದರು, ಬಂದವರಿಗೆ ನೀರು ಕೊಡುವ, ಅಕ್ಕಿ ಅಳೆಯುವ, ದಿನ ಎಣಿಸುವ ಕೆಲಸವಿತ್ತು. ತಾಯಿಯನ್ನು ನೋಡಿಕೊಳ್ಳಬೇಕಿತ್ತು. ಯಾರು ಎದುರಾದರೂ "ಅಪ್ಪ ಹೋದರಂತಲ್ಲ" ಎಂದು ಕೇಳಿದರು, ನೀವು ಹೇಳಿಕೊಂಡಿರಿ. ಹತ್ತು ಜನರ ಮುಂದೆ ಹೇಳಿಕೊಳ್ಳುತ್ತಾ ಹೇಳಿಕೊಳ್ಳುತ್ತಾ ಆ ಸಾವು ನಿಮ್ಮೊಳಗೆ ಒಂದು ಜಾಗ ಕಂಡುಕೊಂಡಿತು. ಅಮ್ಮನ ಸಾವಿಗೆ ಆ ಯಾವುದೂ ಸಿಗಲಿಲ್ಲ. ಮುಂದೆ ನಿಂತ ಗಿರಾಕಿಯ ಪಾಸ್‌ಬುಕ್ ಕೈಯಲ್ಲಿ ಹಿಡಿದು ಸುದ್ದಿ ಓದಿದಿರಿ, ಸಂಜೆಯವರೆಗೆ ಕೌಂಟರ್ ನಡೆಸಿದಿರಿ. ಹಗಲು ಅಳಲು ಬಿಡದ ದುಃಖ ರಾತ್ರಿ ಬರುತ್ತಿದೆ. ಇದನ್ನು ಯಜಮಾನರಿಗೆ ಹೀಗೆಯೇ ಬಿಡಿಸಿ ಹೇಳಿ. ಅವರು ಕಟುವಾಗಿ ಹೇಳಿದ್ದಲ್ಲ ಎಂದು ನನ್ನ ಊಹೆ. ಆ ಮನೆಯಲ್ಲಿ ನಿಮಗೆ ಏನು ಸಿಕ್ಕಿತ್ತು ಎಂಬುದು ಅವರಿಗೆ ಪೂರ್ತಿ ತಿಳಿದಿಲ್ಲ.

ಸಂಬಂಧದ ಪಟ್ಟಿಯಲ್ಲಿ ಇಲ್ಲದವರ ದುಃಖಕ್ಕೆ ಸಮಾಜ ಮಣೆ ಹಾಕುವುದಿಲ್ಲ, ಅದರಿಂದಲೇ ಅದು ಹೆಚ್ಚು ಕಾಲ ಒಳಗೇ ಉಳಿಯುತ್ತದೆ ಎಂಬುದನ್ನು ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲಿ ವಿವರವಾಗಿ ಬರೆದರು. ಸಾಕಿದವರು, ಗುರುಗಳು, ನೆರೆಮನೆಯವರು, ಗೆಳೆಯರು ಹೋದಾಗ ರಜೆ ಅರ್ಜಿಯಲ್ಲಿ ತುಂಬಲು ಖಾನೆಯೇ ಇರುವುದಿಲ್ಲ. ನನ್ನ ಬಳಿ ಬರುವವರಲ್ಲಿ ಇಂಥವರು ಬಹಳ. ಎಲ್ಲರೂ ಮಾತು ಶುರು ಮಾಡುವುದು ಒಂದೇ ರೀತಿ: "ಅವರು ನನಗೆ ಏನೂ ಆಗಬೇಕಾಗಿಲ್ಲ, ಆದರೂ..."

ಆದರೆ ನಮ್ಮ ಹಿರಿಯರು ಈ ಬಾಗಿಲನ್ನು ಪೂರ್ತಿ ಮುಚ್ಚಿರಲಿಲ್ಲ. ಮಹಾಲಯ ಪಕ್ಷದಲ್ಲಿ ತರ್ಪಣ ಬಿಡುವಾಗ ತಂದೆಯ ಕಡೆ, ತಾಯಿಯ ಕಡೆ ಎಲ್ಲ ಮುಗಿದ ಮೇಲೆ ಗುರುವಿಗೂ ಆಪ್ತರಿಗೂ ಎಳ್ಳುನೀರು ಬಿಡುವ ಕ್ರಮವಿದೆ. ರಕ್ತಸಂಬಂಧವೇ ಇಲ್ಲದವರನ್ನು ನೆನೆಯುವುದಕ್ಕೂ ಅಲ್ಲಿ ಜಾಗವಿದೆ. ನಿಮ್ಮ ಮನೆಯ ಪದ್ಧತಿ ಯಾವುದೆಂದು ನೀವು ಬರೆದಿಲ್ಲ. ತರ್ಪಣವಿಲ್ಲದ ಮನೆಗಳಲ್ಲಿ ಹಿರಿಯರ ಹಬ್ಬಕ್ಕೆ ಎಡೆ ಇಡುತ್ತಾರೆ. ಮುಂದಿನ ವರ್ಷ ನಿಮ್ಮ ತಂದೆಯ ಎಡೆಯ ಪಕ್ಕದಲ್ಲಿ ಇನ್ನೆರಡು ಎಲೆ ಹಾಕಿ. ಅದಕ್ಕೆ ಮೇಷ್ಟ್ರ ಅಣ್ಣನ ಮಕ್ಕಳ ಅಪ್ಪಣೆಯೂ ಬೇಡ, ನನ್ನ ಸಮ್ಮತಿಯೂ ಬೇಡ.

ಅಮ್ಮ ಹೋಗಿ ಇನ್ನೂ ಆರು ತಿಂಗಳಾಗಿಲ್ಲ. ನೀವು ಕೆಲಸಕ್ಕೆ ಹೋಗುತ್ತೀರಿ, ಮಗಳ ಓದು ನೋಡುತ್ತೀರಿ, ಊಟ ಸೇರುತ್ತದೆ ಎಂದು ಬರೆದಿದ್ದೀರಿ. ರಾತ್ರಿ ಅಳು ಬರುವುದು ಕಾಯಿಲೆಯಲ್ಲ. ತಿಂಗಳುಗಳು ಕಳೆದಂತೆ ಇದು ಕಡಿಮೆಯಾಗುವ ಬದಲು ಹೆಚ್ಚಾದರೆ, ನಿದ್ದೆ ಕೆಟ್ಟರೆ, ಬದುಕೇ ಬೇಡವೆನ್ನಿಸಿದರೆ ತಡಮಾಡದೆ 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ದೀಪಾವಳಿ. ಒಂದು ವಿಷಯ ನಿಮಗೆ ತಿಳಿದಿರಲಿ. ಜೀವಮಾನವಿಡೀ ಜೊತೆಗಿದ್ದವರಲ್ಲಿ ಒಬ್ಬರು ಹೋದ ಮೇಲೆ ಇನ್ನೊಬ್ಬರು ಬೇಗ ಹೋಗುವುದನ್ನು ವೈದ್ಯರು ಬಹಳ ಹಿಂದೆಯೇ ಗಮನಿಸಿದ್ದಾರೆ. ಬ್ರಿಟನ್ನಿನಲ್ಲಿ 55 ದಾಟಿದ, ಹೆಂಡತಿಯನ್ನು ಕಳೆದುಕೊಂಡ 4,486 ಗಂಡಸರ ಬಗ್ಗೆ ಮಾಡಿದ ಒಂದು ಅಧ್ಯಯನ 1969ರಲ್ಲಿ ಪ್ರಕಟವಾಯಿತು. ಮೊದಲ ಆರು ತಿಂಗಳಲ್ಲಿ ಅವರ ಸಾವಿನ ಪ್ರಮಾಣ ಆ ವಯಸ್ಸಿನವರಲ್ಲಿ ನಿರೀಕ್ಷಿಸುವುದಕ್ಕಿಂತ ಶೇ. 40ರಷ್ಟು ಹೆಚ್ಚಿತ್ತು. ಆ ಏರಿಕೆ ಹೆಚ್ಚು ಕಂಡದ್ದು ಹೃದಯದ ತೊಂದರೆಯಿಂದಾದ ಸಾವುಗಳಲ್ಲಿ. ಹೆಂಗಸರಲ್ಲಿ ಈ ಏರಿಕೆ ಗಂಡಸರಷ್ಟಿಲ್ಲ, ಆದರೆ ಇದೆ ಎಂದು ಆಮೇಲಿನ ಅಧ್ಯಯನಗಳು ಹೇಳಿವೆ. ಏಪ್ರಿಲ್‌ನಿಂದ ಅಕ್ಟೋಬರ್‌ಗೆ ಆರು ತಿಂಗಳು. ನೀವು ಒಂದು ಮಧ್ಯಾಹ್ನ ಬಂದುಹೋಗಿದ್ದರೆ ಇದು ತಪ್ಪುತ್ತಿರಲಿಲ್ಲ.

ಹಾಗೆಂದು "ಹೋಗದಿದ್ದರೂ ಏನೂ ಆಗಲಿಲ್ಲ" ಎಂದು ನಾನು ಹೇಳಲಾರೆ, ಹೇಳಿದರೂ ನೀವು ನಂಬುವುದಿಲ್ಲ. ಅಮ್ಮನಿಗೆ ಒಂದು ಒಳ್ಳೆಯ ಮಧ್ಯಾಹ್ನ ತಪ್ಪಿತು, ನಿಮಗೂ ತಪ್ಪಿತು. ಆ ನೋವು ಇರಲಿ, ಅದು ಆ ಗಾತ್ರದ್ದೇ. ಅದನ್ನು ಒಂದು ಸಾವಿನಷ್ಟು ದೊಡ್ಡದು ಮಾಡಿಕೊಳ್ಳಬೇಡಿ. ಆ ಫೋನಿನಲ್ಲಿ ಅಮ್ಮ ಏನು ಮಾತಾಡಿದರು ಎಂದು ಮತ್ತೊಮ್ಮೆ ನೋಡಿ. ಗಂಡ ಹೋಗಿ ಮೂರು ತಿಂಗಳಾಗಿತ್ತು, ತಮ್ಮ ಒಂಟಿತನದ ಮಾತು ಎತ್ತಲಿಲ್ಲ. ಮೂವತ್ತು ವರ್ಷದ ಹಿಂದೆ ಒಬ್ಬ ಹುಡುಗಿ ಅಂಬಾರಗೋಡ್ಲು ದಡದಲ್ಲಿ ಲಾಂಚ್‌ಗೆ ಕಾದು ನಿಲ್ಲುತ್ತಿದ್ದದ್ದು ಅವರಿಗೆ ನೆನಪಿತ್ತು. ಸೇತುವೆಯ ಸುದ್ದಿ ಕೇಳಿದ ಕೂಡಲೇ ಅವರಿಗೆ ನಿಮ್ಮ ಕಾಲು ನೋವು ತಪ್ಪಿತು ಎನ್ನಿಸಿದೆ. ನಿಮ್ಮಿಂದ ಏನೋ ಬರಬೇಕಿತ್ತು, ಬರಲಿಲ್ಲ ಎಂಬ ಲೆಕ್ಕ ಇಟ್ಟುಕೊಂಡವರ ಮಾತಲ್ಲ ಅದು.

ಈಗ ಲೇಖನಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇದೇ.

ಏಳು ಪುಟದಲ್ಲಿ ಮೇಷ್ಟ್ರ ಹೆಸರು ಇನಿಷಿಯಲ್ ಸಮೇತ ಹಲವು ಕಡೆ ಬಂದಿದೆ. ಅವರ ಡಿಗ್ರಿ, ನಿವೃತ್ತಿಯಾದ ವರ್ಷ, ಬ್ಲ್ಯಾಕ್‌ಬೋರ್ಡಿನ ಮೇಲೆ ಕಂಪಾಸ್ ಇಲ್ಲದೆ ವೃತ್ತ ಬರೆಯುತ್ತಿದ್ದ ರೀತಿ, ಸೈಕಲ್ ಸ್ಟ್ಯಾಂಡ್ ಹಾಕುವ ಸದ್ದು ಎಲ್ಲ ಇವೆ, ಚೆನ್ನಾಗಿ ಬರೆದಿದ್ದೀರಿ. ಅಮ್ಮನ ಬಗ್ಗೆ ಕೆಲವೇ ಸಾಲು. ಅವರ ಹೆಸರು ಏಳು ಪುಟದಲ್ಲಿ ಒಂದು ಕಡೆಯೂ ಇಲ್ಲ. ನಾನು ಎರಡು ಸಲ ಹುಡುಕಿದೆ. ಇದನ್ನು ಆಕ್ಷೇಪವಾಗಿ ಹೇಳುತ್ತಿಲ್ಲ. ಎಲ್ಲರೂ ಅವರನ್ನು ಅಮ್ಮ ಎಂದರು, ನೀವೂ ಅಮ್ಮ ಎಂದಿರಿ. ಊರಿನವರಿಗೆ ಅದು ಮೇಷ್ಟ್ರ ಮನೆ, ಇವರು ಮೇಷ್ಟ್ರ ಹೆಂಡತಿ. ಸ್ಮರಣ ಸಂಚಿಕೆಯೂ ಮೇಷ್ಟ್ರ ವರ್ಷಾಬ್ದಿಕಕ್ಕೆ ಬರುತ್ತಿದೆ, ಪುತ್ಥಳಿಯೂ ಮೇಷ್ಟ್ರದೇ. ನಿಮ್ಮ ಮೂರೂ ಕರಡು ಸನ್ಮಾನ ಪತ್ರವಾಗಿದ್ದಕ್ಕೆ ಕಾರಣ ಇಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಇಬ್ಬರು ಸೇರಿ ಮಾಡಿದ್ದನ್ನು ಒಬ್ಬರ ಗುಣವಾಗಿ ಬರೆಯಹೊರಟಾಗ ಕೆಲಸವೆಲ್ಲ ಕಣ್ಣಿಗೆ ಬೀಳದೆ ಹೋಗಿ ಬರೀ ಗುಣ ಉಳಿಯುತ್ತದೆ. ಬರೀ ಗುಣವನ್ನು ಬರೆದರೆ ಅದು ಸನ್ಮಾನ ಪತ್ರವೇ ಆಗುತ್ತದೆ.

ಬಸ್‌ಸ್ಟ್ಯಾಂಡಿನಲ್ಲಿ "ನಮ್ಮನೇಲಿರಲಿ ಬಿಡಿ" ಎಂದದ್ದು ಮೇಷ್ಟ್ರು. ಅದು ದೊಡ್ಡ ಮಾತು, ಅದನ್ನು ನಾನು ಕಡಿಮೆ ಮಾಡುವುದಿಲ್ಲ. ಗೊತ್ತಿಲ್ಲದ ಹುಡುಗಿಯನ್ನು, ಅದೂ ಬೇರೆ ಜಾತಿಯವಳನ್ನು, 1995ರ ಒಂದು ತಾಲ್ಲೂಕು ಊರಿನಲ್ಲಿ ಮನೆಗೆ ಕರೆತರಲು ಎದೆ ಬೇಕು. ಆದರೆ ಆ ಮಾತು ಎರಡು ವರ್ಷ ನಡೆದದ್ದು ಯಾರ ಕೈಯಲ್ಲಿ?

ನೀವು "ಸುಮ್ಮನೆ" ಕಳಿಸಿದ ಕ್ಯಾಲೆಂಡರ್ ಹಾಳೆಯನ್ನು ದೊಡ್ಡದು ಮಾಡಿ ನೋಡಿದೆ. 1997ರ ಮಾರ್ಚ್, ನಿಮ್ಮ ದ್ವಿತೀಯ ಪಿಯುಸಿ ಪರೀಕ್ಷೆಯ ಕಾಲ. ಪೆನ್ಸಿಲ್ ಅಕ್ಷರ, ಸಣ್ಣದು, ಎಲ್ಲೂ ಒತ್ತಿ ಬರೆದಿಲ್ಲ. ತಿಂಗಳ ಮೊದಲಿಗೆ "ಹಾಲು 1½". ಆಮೇಲೆ "ಹಾಲು 2" ಆಗಿದೆ, ತಿಂಗಳು ಮುಗಿಯುವವರೆಗೂ ಹಾಗೇ ಇದೆ. 1ನೇ ತಾರೀಕು "ಅಕ್ಕಿ 25 ಕೆ.ಜಿ.", 19ಕ್ಕೆ ಮತ್ತೆ "ಅಕ್ಕಿ 25 ಕೆ.ಜಿ." ಹದಿನೆಂಟು ದಿನಕ್ಕೆ ಇಪ್ಪತ್ತೈದು ಕಿಲೋ ಎಂದರೆ ದಿನಕ್ಕೆ ಸುಮಾರು 1.4 ಕಿಲೋ ಅಕ್ಕಿ ಬೆಂದಿದೆ. ಆ ವರ್ಷ ನೀವು ನಾಲ್ವರು ಓದುವವರಿದ್ದಿರಿ ಎಂದು ಬರೆದಿದ್ದೀರಿ, ಅವರಿಬ್ಬರು ಸೇರಿ ಆರು ಜನ. ಕೆಲವು ಚೌಕಗಳಲ್ಲಿ "ಡಬ್ಬಿ 3", ಕೆಲವದರಲ್ಲಿ "ಡಬ್ಬಿ 4", ಅದರ ಕೆಳಗೆ ಹೆಸರಿನ ಮೊದಲ ಅಕ್ಷರಗಳು. ನಿಮ್ಮ ಅಕ್ಷರವೂ ಇದೆ. ಯಾರಿಗೆ ಯಾವ ದಿನ ಪರೀಕ್ಷೆ, ಯಾರ ಡಬ್ಬಿ ಬೇಗ ಆಗಬೇಕು ಎಂಬುದನ್ನು ಅವರು ಮೊದಲೇ ಬರೆದಿಟ್ಟುಕೊಂಡಿದ್ದಾರೆ. ನಾಲ್ಕೂವರೆಗೆ ಎಬ್ಬಿಸುತ್ತಿದ್ದದ್ದು ಮೇಷ್ಟ್ರು ಎಂದಿರಿ. ನಾಲ್ಕೂವರೆಗೆ ಕಾಫಿ ಕೈಗೆ ಸಿಗಬೇಕಾದರೆ ಒಲೆ ಎಷ್ಟು ಗಂಟೆಗೆ ಹೊತ್ತಿರಬೇಕು?

22ನೇ ತಾರೀಕಿನ ಚೌಕದಲ್ಲಿ ಎರಡು ಸಾಲಿದೆ. ಮೇಲೆ "ಅಕ್ಕನ ಮನೆ ಮದುವೆ. ಹೋಗಿಲ್ಲ." ಕೆಳಗೆ "ಡಬ್ಬಿ 3".

ಈ ಎರಡು ಸಾಲಿನ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ. ನೀವು ಆ ಮನೆಯಲ್ಲಿದ್ದೀರಿ ಎಂಬ ಕಾರಣಕ್ಕೆ ಅಕ್ಕ ಎರಡು ವರ್ಷ ಕಾಲಿಡಲಿಲ್ಲ ಎಂದು ಬರೆದಿದ್ದೀರಲ್ಲ, ಆ ಅಕ್ಕನ ಮನೆಯ ಮದುವೆ. ಹೋಗದಿದ್ದದ್ದು ಆ ಮುನಿಸಿನಿಂದಲೋ, ಮೂರು ಮಕ್ಕಳಿಗೆ ಪರೀಕ್ಷೆಯ ದಿನ ಊಟವಿರುವುದಿಲ್ಲ ಎಂದೋ, ಎರಡೂ ಸೇರಿಯೋ ನನಗೆ ತಿಳಿಯದು. ಯಾವುದಾದರೂ ಇರಲಿ, ನಿಮ್ಮನ್ನು ಇಟ್ಟುಕೊಂಡದ್ದಕ್ಕೆ ತವರಿನ ಕಡೆಯಿಂದ ಬೆಲೆ ತೆತ್ತವರು ಅಮ್ಮ. ಮೇಷ್ಟ್ರಿಗೆ ಶಾಲೆಯಿತ್ತು, ಶಿಷ್ಯರಿದ್ದರು, ಊರಿನಲ್ಲಿ ಮರ್ಯಾದೆ ಇನ್ನೂ ಹೆಚ್ಚಿತು. ಅಮ್ಮನಿಗೆ ಅಕ್ಕನ ಮನೆ ತಪ್ಪಿತು. ಇದನ್ನು ಅವರು ನಿಮಗೆ ಒಂದು ಸಲವಾದರೂ ಹೇಳಿದ್ದರೇ? ನಿಮ್ಮ "ಕಾಲಿಡಲಿಲ್ಲವಂತೆ" ಎಂಬ ಮಾತು ನೋಡಿದರೆ ಬೇರೆಯವರಿಂದ ಕೇಳಿದ್ದೆಂದು ಕಾಣುತ್ತದೆ.

ನಿಮ್ಮ ಲೇಖನ ಈ ಹಾಳೆಯಿಂದ ಹುಟ್ಟಲಿ. ಕಟ್ಟಿನಲ್ಲಿರುವ ಎಲ್ಲ ಕ್ಯಾಲೆಂಡರ್‌ಗಳನ್ನು ಹರಡಿಕೊಂಡು ಕೂತು ಓದಿ. ಆ ನಲವತ್ತು ಜನರಿಗೆ ಫೋನ್ ಮಾಡಿ, ಅವರವರ ಅಕ್ಷರವಿರುವ ತಿಂಗಳನ್ನು ಹೇಳಿ, ಆ ದಿನಗಳಲ್ಲಿ ಏನು ತಿಂದರು, ಜ್ವರ ಬಂದಾಗ ಯಾರು ಗಂಜಿ ಕೊಟ್ಟರು, ಬಟ್ಟೆ ಎಲ್ಲಿ ಒಣಗುತ್ತಿತ್ತು ಎಂದು ಕೇಳಿ. "ಮೇಷ್ಟ್ರು ಹೇಗಿದ್ದರು" ಎಂದು ಕೇಳಿದರೆ ಎಲ್ಲರೂ ಭಾಷಣ ಮಾಡುತ್ತಾರೆ. ಡಬ್ಬಿಯಲ್ಲಿ ಏನಿರುತ್ತಿತ್ತು ಎಂದು ಕೇಳಿದರೆ ಮನುಷ್ಯರು ಸಿಗುತ್ತಾರೆ. ಪತ್ರದ ಐದನೇ ಪುಟದಲ್ಲಿ ನೀವೇ ಒಂದು ಕಡೆ ಮರೆತು ನಿಜವಾಗಿ ಬರೆದುಬಿಟ್ಟಿದ್ದೀರಿ: ಮೇಷ್ಟ್ರು ಮಾತು ಬಿಟ್ಟ ಆ ವಾರ, ಅಮ್ಮ ನಿಮ್ಮ ಮೊಸರನ್ನದ ಡಬ್ಬಿಯ ತಳದಲ್ಲಿ ಅಪ್ಪೆಮಿಡಿ ಒಂದರ ಬದಲು ಎರಡು ಇಟ್ಟಿದ್ದರು, ಏನೂ ಹೇಳಲಿಲ್ಲ. ಸನ್ಮಾನ ಪತ್ರದಲ್ಲಿ ಆ ಎರಡನೇ ಮಿಡಿಗೆ ಜಾಗವಿರುವುದಿಲ್ಲ. ನಿಮ್ಮ ಲೇಖನದಲ್ಲಿ ಇರಬೇಕು.

ಹೊಸನಗರಕ್ಕೂ ಹೋಗಿಬನ್ನಿ. ಅಮ್ಮ ಹುಡುಗಿಯಾಗಿದ್ದಾಗ ಹೇಗಿದ್ದರು, ಎಷ್ಟು ಓದಿದ್ದರು, ಹಾಡುತ್ತಿದ್ದರೇ, ಮದುವೆ ಯಾವ ವರ್ಷ ಆಯಿತು ಎಂದು ಹೇಳಬಲ್ಲವರು ಆ ಅಕ್ಕ ಒಬ್ಬರೇ ಉಳಿದಿರುವಂತಿದೆ. ನಿಮ್ಮನ್ನು ಕಂಡರೆ ಅವರಿಗೆ ಮುಜುಗರವಾಗಬಹುದು, ನಿಮಗೂ ಆಗಬಹುದು. ಹಳೆಯದನ್ನು ಕೆದಕಲು ಹೋಗುತ್ತಿಲ್ಲ, ತಂಗಿಯ ಬಗ್ಗೆ ಕೇಳಲು ಹೋಗುತ್ತಿದ್ದೀರಿ. ಮದುವೆಯ ಮಾತನ್ನು ಅವರಾಗಿ ಎತ್ತಿದರೆ ಕೇಳಿಸಿಕೊಳ್ಳಿ, ಎತ್ತದಿದ್ದರೆ ಬಿಡಿ. ಅವರು ಹೇಳಿದ್ದನ್ನು ಅಚ್ಚಿಗೆ ಕೊಡುವ ಮೊದಲು ಅವರ ಒಪ್ಪಿಗೆ ಕೇಳಿ.

ಮೇಷ್ಟ್ರ ಸಿಟ್ಟನ್ನು ಬರೆಯಬಹುದೇ ಎಂದಿರಿ. ಬರೆಯಲೇಬೇಕು. ಪುಸ್ತಕ ಎಸೆದ ಮೇಷ್ಟ್ರನ್ನು ತೆಗೆದುಹಾಕಿದರೆ ಪಿ.ಎಫ್. ಸಾಲ ತೆಗೆದ ಮೇಷ್ಟ್ರು ಅರ್ಥವಾಗುವುದಿಲ್ಲ. ನಿಮ್ಮ ಅಂಕ ಅವರಿಗೆ ಅಷ್ಟು ತಾಗುತ್ತಿತ್ತು. ಒಂದು ವಾರ ಮಾತು ಬಿಟ್ಟದ್ದು ಹದಿನಾರರ ಹುಡುಗಿಗೆ ಕಠಿಣವೇ ಆಗಿತ್ತು, ಅದನ್ನು ಪ್ರೀತಿ ಎಂದು ತಿದ್ದಿ ಬರೆಯಬೇಡಿ. ಆಗ ನಿಮಗೆ ಹೇಗಾಯಿತೋ ಹಾಗೇ ಬರೆಯಿರಿ, ಸಾಲದ ಮಾತನ್ನೂ ಬರೆಯಿರಿ. ಎರಡನ್ನೂ ಕೂಡಿಸುವ ಕೆಲಸ ಓದುವವರದು. ಡಿ.ವಿ.ಜಿ.ಯವರ 'ಜ್ಞಾಪಕ ಚಿತ್ರಶಾಲೆ'ಯ ಎಂಟು ಸಂಪುಟಗಳಲ್ಲಿ 'ಹೃದಯಸಂಪನ್ನರು' ಎಂಬುದೊಂದಿದೆ, ನಿಮ್ಮ ಊರಿನ ಗ್ರಂಥಾಲಯದಲ್ಲಿ ಸಿಗಬಹುದು. ಬರೆಯಲು ಕೂರುವ ಮೊದಲು ಅದರಲ್ಲಿ ನಾಲ್ಕು ಚಿತ್ರಗಳನ್ನು ಓದಿ. ದಿವಾನರನ್ನು ಬರೆದ ಕೈಯೇ ಹೆಸರಿಲ್ಲದ ಸಾಮಾನ್ಯರನ್ನೂ ಅಷ್ಟೇ ಗೌರವದಿಂದ, ಅವರವರ ಅಭ್ಯಾಸ, ಹಟ, ಮಾತಿನ ವರಸೆ ಸಮೇತ ಬರೆದಿದೆ.

ಜೊತೆಯಾಗಿ ಬದುಕಿದವರು ಜನರ ನೆನಪಿನಲ್ಲಿ ಒಂದೇ ಹೆಸರಾಗಿ ಉಳಿಯುವುದು ನಿಮ್ಮ ಮೇಷ್ಟ್ರ ಮನೆಯಲ್ಲಿ ಮಾತ್ರ ಅಲ್ಲ. ಕೆಲವೊಮ್ಮೆ ಇದು ತಿರುಗುಮುರುಗೂ ಆಗುತ್ತದೆ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ರಸ್ತೆಯಲ್ಲಿ ಸಾಲಾಗಿ ನಿಂತ 385 ಆಲದ ಮರಗಳೆಂದರೆ ನಮಗೆ ಸಾಲುಮರದ ತಿಮ್ಮಕ್ಕ. 2019ರಲ್ಲಿ ಪದ್ಮಶ್ರೀ ಬಂತು, 2025ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ನಾಡೆಲ್ಲ ನೆನೆಯಿತು. ಆ ಸಸಿಗಳನ್ನು ನೆಟ್ಟವರು ಇಬ್ಬರು. ಮಕ್ಕಳಿಲ್ಲದ ಆ ದಂಪತಿ ಕೂಲಿ ಮುಗಿಸಿ ಬಂದು ಕೊಡಗಳಲ್ಲಿ ನೀರು ಹೊತ್ತರು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಗಂಡ ಚಿಕ್ಕಯ್ಯ 1991ರಲ್ಲಿ ಹೋದರು. ಅವರ ಹೆಸರು ಎಷ್ಟು ಜನರಿಗೆ ಗೊತ್ತು? ಇದು ತಿಮ್ಮಕ್ಕನ ತಪ್ಪಲ್ಲ. ಅಲ್ಲಿ ಮರೆಗೆ ಸರಿದವರು ಚಿಕ್ಕಯ್ಯ, ನಿಮ್ಮಲ್ಲಿ ಅಮ್ಮ. ಇಬ್ಬರನ್ನೂ ನೋಡಿದವರು ಬದುಕಿರುವಾಗಲೇ ಇಬ್ಬರ ಪಾಲನ್ನೂ ಬರೆದಿಡದಿದ್ದರೆ ಆಮೇಲೆ ಬರೆಯಲು ಯಾರಿಗೂ ಆಗುವುದಿಲ್ಲ. ಅಮ್ಮನ ಕೈಬರಹ ಓದಬಲ್ಲವರು, ಆ ಅಕ್ಷರಗಳು ಯಾರವೆಂದು ಗುರುತಿಸಬಲ್ಲವರು ಇನ್ನು ಎಷ್ಟು ವರ್ಷ ಇರುತ್ತೀರಿ?

ಮನೆಯ ವಿಷಯ ಬೇಗ ಮುಗಿಸುತ್ತೇನೆ. ಮೇಷ್ಟ್ರ ಕಾಲಾನಂತರ ಮನೆ ಅಮ್ಮನಿಗೆ ಬಂದಿರುತ್ತದೆ. ಅಮ್ಮ ಉಯಿಲು ಬರೆಯದೆ ಹೋಗಿದ್ದರೆ, ಮಕ್ಕಳಿಲ್ಲದ ಹೆಂಗಸಿಗೆ ಗಂಡನಿಂದ ಬಂದ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಗಂಡನ ವಾರಸುದಾರರಿಗೆ ಹೋಗುತ್ತದೆ. ಅಣ್ಣನ ಮಕ್ಕಳು ಮಾರುತ್ತಿದ್ದರೆ ಅದು ಅವರ ಹಕ್ಕು. ನಿಮಗೆ ಸಂಕಟವಾಗುವುದು ಸಹಜ, ಆದರೆ ಅವರ ಮೇಲೆ ಮುನಿಸು ಬೇಡ. ಕ್ಯಾಲೆಂಡರ್ ಕಟ್ಟನ್ನು ರದ್ದಿಗೆ ಹಾಕದೆ ಕರೆದು ಕೊಟ್ಟವರು ಅವರು. ಮಾರುವ ಮುಂಚೆ ಒಮ್ಮೆ ಒಳಗೆ ಹೋಗಲು ಕೇಳಿ, ಮಗಳನ್ನೂ ಕರೆದುಕೊಂಡು ಹೋಗಿ, ಅಡುಗೆಮನೆ ಎಷ್ಟು ಅಗಲ ಇತ್ತು ಎಂದು ತೋರಿಸಿ. ಅಕ್ಕಿ ಅಳೆಯುವ ಪಾವು ಇನ್ನೂ ಇದ್ದರೆ ಕೇಳಿ ಪಡೆಯಿರಿ. ಕೊಟ್ಟಾರು.

ಕೊನೆಯದು ಆರು ಲಕ್ಷ. ಪುತ್ಥಳಿ ಬೇಡ ಎನ್ನುವವರ ಕಡೆ ನಾನಿದ್ದೇನೆ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಸರ್ಕಾರಿ ಶಾಲೆಯಾದರೆ ಆವರಣದಲ್ಲಿ ನಿಲ್ಲಿಸಲು ಇಲಾಖೆಯ ಅನುಮತಿ ಬೇಕು. ಸಾರ್ವಜನಿಕ ರಸ್ತೆಯಲ್ಲಿ, ಪಾದಚಾರಿ ದಾರಿಯಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಇದು ಕಾನೂನಿನ ಮಾತು. ಅದಕ್ಕಿಂತ ಮುಖ್ಯವಾದದ್ದು, ಆ ಮನೆ ಏನು ಕೊಟ್ಟಿತ್ತೋ ಅದರ ಗುರುತು ಪುತ್ಥಳಿಯಲ್ಲಿ ಒಂದೂ ಇರುವುದಿಲ್ಲ.

ಆದರೆ ದತ್ತಿನಿಧಿ ಎಂದ ಕೂಡಲೇ ಅತಿ ಹೆಚ್ಚು ಅಂಕ ತೆಗೆದವರಿಗೆ ಬಹುಮಾನ, ವೇದಿಕೆ, ಫೋಟೊ ಎಂದು ಯೋಚಿಸಬೇಡಿ. ಹೆಚ್ಚು ಅಂಕ ತೆಗೆದವರಿಗೆ ಬಹುಮಾನ ಕೊಡುವವರು ಬೇಕಾದಷ್ಟಿದ್ದಾರೆ. ನಿಮ್ಮ ತಂದೆ ಬಸ್‌ಸ್ಟ್ಯಾಂಡಿನಲ್ಲಿ ನಿಂತದ್ದು ಅಂಕದ ಸಮಸ್ಯೆಯಿಂದಲ್ಲ. ಇಂದಿಗೂ ಪ್ರಥಮ ಪಿಯುಸಿ ಶುರುವಾಗುವುದಕ್ಕೂ ಹಾಸ್ಟೆಲ್ ಆಯ್ಕೆಪಟ್ಟಿ ಬರುವುದಕ್ಕೂ ನಡುವೆ ವಾರಗಳು ಕಳೆಯುವುದುಂಟು. ದೂರದ ಊರಿನ ಹೆಣ್ಣುಮಕ್ಕಳು ಆ ವಾರಗಳಲ್ಲಿ ಓದು ಬಿಟ್ಟುಬಿಡಬಹುದು. ಮನೆಗೆ ವಾಪಸ್ ಹೋದವರು ಮತ್ತೆ ಬರುವುದು ಕಷ್ಟ. ಮೇಷ್ಟ್ರು "ಹಾಸ್ಟೆಲ್ ಆಗೋವರೆಗೆ" ಎಂದು ಹೇಳಿದ್ದು ಸರಿಯಾಗಿ ಈ ಅವಧಿಗೆ.

ಲೆಕ್ಕ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆರು ಲಕ್ಷಕ್ಕೆ ಶೇ. 6.5ರಂತೆ ವರ್ಷಕ್ಕೆ 39,000 ಬಡ್ಡಿ. ಒಬ್ಬ ಹುಡುಗಿಗೆ ಪಿ.ಜಿ. ಬಾಡಿಗೆ, ಊಟ ಸೇರಿ ತಿಂಗಳಿಗೆ 5,000 ಎಂದು ಹಿಡಿದರೂ ಎರಡು ತಿಂಗಳಿಗೆ 10,000. ವರ್ಷಕ್ಕೆ ಹೆಚ್ಚುಕಡಿಮೆ ನಾಲ್ವರು, ಆ ಮನೆಯಲ್ಲಿ ಒಂದು ವರ್ಷ ಇರುತ್ತಿದ್ದಷ್ಟೇ ಜನ. ಯಾರಿಗೆ ಕೊಡಬೇಕೆಂಬುದನ್ನು ಕಾಲೇಜಿನ ಪ್ರಾಂಶುಪಾಲರು, ಇಬ್ಬರು ಹಳೆಯ ವಿದ್ಯಾರ್ಥಿನಿಯರು ಕೂತು ನಿರ್ಧರಿಸಲಿ. ಪಿ.ಜಿ.ಯ ಜಾಗವನ್ನು ಹೆಂಗಸರೊಬ್ಬರು ಹೋಗಿ ಕಣ್ಣಾರೆ ನೋಡಿ ಬರಲಿ. ದುಡ್ಡು ನೇರ ಅಲ್ಲಿಗೆ ಸಂದಾಯವಾಗಲಿ. ಪಡೆದ ಹುಡುಗಿಯ ಹೆಸರು ಎಲ್ಲೂ ಅಚ್ಚಾಗಬಾರದು, ವೇದಿಕೆಗೆ ಕರೆಯಬಾರದು. ಆ ಮನೆಯಲ್ಲಿ ಉಂಡವರನ್ನು ಮೇಷ್ಟ್ರಾಗಲಿ ಅಮ್ಮನಾಗಲಿ ಯಾರ ಮುಂದೂ ನಿಲ್ಲಿಸಲಿಲ್ಲ.

ಪುತ್ಥಳಿ ಬೇಕೆನ್ನುವವರ ಮೇಲೂ ಸಿಟ್ಟಾಗಬೇಡಿ. ಅವರಿಗೆ ಮೇಷ್ಟ್ರ ಮುಖ ಕಣ್ಣಿಗೆ ಕಾಣಬೇಕಾಗಿದೆ, ಅದು ತಪ್ಪಲ್ಲ. ಇಬ್ಬರೂ ಇರುವ ಒಂದು ಒಳ್ಳೆಯ ಫೋಟೊ ಹುಡುಕಿ, ದೊಡ್ಡದು ಮಾಡಿಸಿ, ಮೇಷ್ಟ್ರು ಪಾಠ ಮಾಡುತ್ತಿದ್ದ ಕೊಠಡಿಯಲ್ಲಿ ಹಾಕಲು ಶಾಲೆಯವರನ್ನು ಕೇಳಿ. ಫೋಟೊದ ಕೆಳಗೆ ಇಬ್ಬರ ಪೂರ್ತಿ ಹೆಸರು ಬರಲಿ. ನಿಧಿಯ ಹೆಸರಿನಲ್ಲೂ ಇಬ್ಬರೂ ಇರಲಿ, ಅಮ್ಮನದು ಮೊದಲು. ಸಮಿತಿಯಲ್ಲಿ ಯಾರಾದರೂ ಯಾಕೆ ಎಂದರೆ ಮಾರ್ಚ್ ತಿಂಗಳ ಆ ಹಾಳೆಯನ್ನು ಮೇಜಿನ ಮೇಲೆ ಇಡಿ.

ಸಂಚಿಕೆ ಏಪ್ರಿಲ್‌ಗೆ ಆಗದಿದ್ದರೆ ಅಮ್ಮನ ವರ್ಷಾಬ್ದಿಕಕ್ಕೆ ತನ್ನಿ, ಅಕ್ಟೋಬರ್‌ವರೆಗೆ ಸಮಯ ಸಿಗುತ್ತದೆ. ನಿಧಿ ಮಾತ್ರ ತಡವಾಗಬಾರದು. ಸಂಘ ನೋಂದಣಿ, ಪ್ಯಾನ್, ಖಾತೆ ಇವಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಕಾಲೇಜು ಶುರುವಾಗುವುದು ಜೂನ್‌ಗೆ.